ಕಲೆ, ಸೌಂದರ್ಯ, ದುರಂತ: ಪದೇ ಪದೇ ಕೇಳುವ ಪ್ರಶ್ನೆಗಳು

ಸೌಂದರ್ಯಮೀಮಾಂಸೆಯ ಬಗ್ಗೆ, ಅದರಲ್ಲೂ ದುರಂತ ನಾಟಕದ ಬಗ್ಗೆ, ಮಾತುಕತೆಗಳಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಮೊದಲ ಭಾಗ ಹೊಸಬರಿಗೆ, ಕೊನೆಯ ಭಾಗ ಈಗಾಗಲೇ ಸ್ವಲ್ಪ ಓದಿಕೊಂಡವರಿಗೆ.

## ಆರಂಭಕ್ಕೆ

ಸೌಂದರ್ಯಮೀಮಾಂಸೆ ಅಂದರೆ ಯಾವುದು ಚೆಂದ, ಯಾವುದು ಅಲ್ಲ ಅಂತ ಹೇಳಿಕೊಡುವ ಶಾಸ್ತ್ರವೇ?

ಅಲ್ಲ. ಯಾವ ಸೀರೆಗೆ ಯಾವ ಅಂಚು ಒಪ್ಪುತ್ತದೆ ಎಂದು ಹೇಳುವುದು ಅಭಿರುಚಿಗೆ ಬಿಟ್ಟ ವಿಷಯ. ಹಾಗೆ ಹೇಳುವಾಗ ನಮ್ಮ ಮಾತಿಗೆ ಆಧಾರವೇನು, ಬೇರೆಯವರೂ ಅದನ್ನು ಒಪ್ಪಬೇಕೆಂದು ಏಕೆ ಬಯಸುತ್ತೇವೆ, ಒಪ್ಪದಿದ್ದರೆ ಏಕೆ ಕಸಿವಿಸಿಗೊಳ್ಳುತ್ತೇವೆ ಎಂದು ವಿಚಾರಿಸುವುದು ಸೌಂದರ್ಯಮೀಮಾಂಸೆ. ಯುರೋಪಿನಲ್ಲಿ ಇದು ತತ್ತ್ವಶಾಸ್ತ್ರದ ಪ್ರತ್ಯೇಕ ಶಾಖೆಯಾಗಿ ಹೆಸರು ಪಡೆದದ್ದು ತಡವಾಗಿ. ಜರ್ಮನಿಯ ಬೌಮ್‌ಗಾರ್ಟನ್ 1735ರಲ್ಲಿ ಆ ಹೆಸರನ್ನು ಬಳಕೆಗೆ ತಂದು, 1750ರಲ್ಲಿ ಅದನ್ನೇ ಶೀರ್ಷಿಕೆಯಾಗಿಸಿದ ಗ್ರಂಥವನ್ನು ಹೊರತಂದ. ಪ್ರಶ್ನೆಗಳು ಮಾತ್ರ ಪ್ಲೇಟೋವಿನಷ್ಟು ಹಳೆಯವು. ನಮ್ಮಲ್ಲಿ ಭರತನ ನಾಟ್ಯಶಾಸ್ತ್ರದಿಂದ ಮೊದಲಾಗಿ ಆನಂದವರ್ಧನ, ಅಭಿನವಗುಪ್ತರವರೆಗೆ ಇದೇ ವಿಚಾರ ಕಾವ್ಯ ಮತ್ತು ನಾಟ್ಯಗಳನ್ನು ಕೇಂದ್ರದಲ್ಲಿಟ್ಟುಕೊಂಡು ಬೆಳೆಯಿತು. ಆ ಪರಂಪರೆಯನ್ನು ಕನ್ನಡದಲ್ಲಿ ಓದಬಯಸುವವರಿಗೆ ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಗಿಂತ ಒಳ್ಳೆಯ ಬಾಗಿಲು ಇಲ್ಲವೆಂದೇ ನನ್ನ ಅಭಿಪ್ರಾಯ.

ಕಲೆ ಅಂದರೆ ಏನು? ಒಂದು ವಾಕ್ಯದಲ್ಲಿ ಹೇಳಿ.

ಒಂದು ವಾಕ್ಯದಲ್ಲಿ ಹೇಳಿದವರು ಅನೇಕರಿದ್ದಾರೆ. ತೊಂದರೆ ಇರುವುದೇ ಅಲ್ಲಿ. ಕಲೆಯೆಂದರೆ ಅನುಕರಣೆ ಎಂದು ಗ್ರೀಕರು ಹೇಳಿದರು. ರಾಗಾಲಾಪನೆ ಏನನ್ನು ಅನುಕರಿಸುತ್ತದೆ ಎಂದು ಕೇಳಿದರೆ ಆ ವಾಕ್ಯ ತಡವರಿಸುತ್ತದೆ. ಕಲಾವಿದ ತಾನು ಅನುಭವಿಸಿದ ಭಾವವನ್ನು ಇತರರಿಗೆ ಅಂಟಿಸುವುದೇ ಕಲೆ ಎಂದು ಟಾಲ್‌ಸ್ಟಾಯ್ ವಾದಿಸಿದ. ಆ ಅಳತೆಗೋಲನ್ನು ನಿಷ್ಠುರವಾಗಿ ಹಿಡಿದು ತನ್ನ ಸ್ವಂತ ಕಾದಂಬರಿಗಳಲ್ಲಿ ಬಹುಪಾಲನ್ನೇ ಕೆಟ್ಟ ಕಲೆಯ ಸಾಲಿಗೆ ತಳ್ಳಿದ ಅವನ ಧೈರ್ಯವನ್ನು ಮೆಚ್ಚಬೇಕು, ತೀರ್ಮಾನವನ್ನು ಒಪ್ಪಬೇಕಾಗಿಲ್ಲ. 1917ರಲ್ಲಿ ಮಾರ್ಸೆಲ್ ಡ್ಯೂಶಾಂಪ್ ನ್ಯೂಯಾರ್ಕಿನ ಪ್ರದರ್ಶನವೊಂದಕ್ಕೆ ಅಂಗಡಿಯಲ್ಲಿ ಸಿಗುವ ಪಿಂಗಾಣಿ ಮೂತ್ರಪಾತ್ರೆಯನ್ನು ಸುಳ್ಳು ಸಹಿ ಹಾಕಿ ಕಳುಹಿಸಿದಾಗ ಈ ಎಲ್ಲ ವ್ಯಾಖ್ಯೆಗಳೂ ಒಟ್ಟಿಗೆ ಅಲುಗಾಡಿದವು.

ಕಲೆ ಎಂಬುದು ಮುಚ್ಚಿದ ಪೆಟ್ಟಿಗೆಯಂಥ ಪರಿಕಲ್ಪನೆಯಲ್ಲ, ಹೊಸ ಕೃತಿ ಬಂದ ಹಾಗೆ ಅದರ ಎಲ್ಲೆಯೂ ಬದಲಾಗುತ್ತದೆ ಎಂದು 1956ರಲ್ಲಿ ಮಾರಿಸ್ ವೈಟ್ಸ್ ಹೇಳಿದ. 1964ರಲ್ಲಿ ಆಂಡಿ ವಾರ್‌ಹೋಲ್ ಸೋಪಿನ ರಟ್ಟಿನ ಡಬ್ಬಗಳನ್ನೇ ಹೋಲುವ ಮರದ ಡಬ್ಬಗಳನ್ನು ಪ್ರದರ್ಶಿಸಿದಾಗ, ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ವಸ್ತುಗಳಲ್ಲಿ ಒಂದು ಕಲೆಯಾಗಿ ಇನ್ನೊಂದು ಆಗದಿರುವುದಕ್ಕೆ ಕಾರಣ ಕಣ್ಣಿಗೆ ಕಾಣದ್ದರಲ್ಲಿಯೇ, ಎಂದರೆ ಅದರ ಸುತ್ತಲಿನ ಚರಿತ್ರೆ ಮತ್ತು ಸಿದ್ಧಾಂತಗಳಲ್ಲಿಯೇ, ಇರಬೇಕೆಂದು ಆರ್ಥರ್ ಡ್ಯಾಂಟೊ ವಾದ ಹೂಡಿದ. ನನಗೆ ಈ ಚರ್ಚೆಯಿಂದ ಸಿಕ್ಕ ಲಾಭ ಇಷ್ಟು: ‘ಇದು ಕಲೆಯೇ?’ ಎಂಬ ಪ್ರಶ್ನೆಯಲ್ಲಿ ಹೆಚ್ಚು ಹೊತ್ತು ಕಳೆಯದೆ ‘ಇದು ನಮ್ಮನ್ನು ಏನನ್ನು ಕಾಣುವಂತೆ ಮಾಡುತ್ತಿದೆ?’ ಎಂದು ಕೇಳಿಕೊಳ್ಳುವುದು ಮೇಲು. ದುರಂತ ನಾಟಕದ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಗೆ ಹಿಡಿಸುವಷ್ಟು ಸಾಮಗ್ರಿ ಬೇರೆಲ್ಲೂ ಇಲ್ಲ.

ರುಚಿ ಅವರವರದು ಅಂದಮೇಲೆ ಈ ಕೃತಿ ಮೇಲು, ಆ ಕೃತಿ ಕೀಳು ಅನ್ನುವುದು ಅಹಂಕಾರ ಅಲ್ಲವೇ?

ಮಾವಿನಹಣ್ಣು ಇಷ್ಟವೋ ಹಲಸಿನಹಣ್ಣು ಇಷ್ಟವೋ ಎಂಬುದರಲ್ಲಿ ವಾದವಿಲ್ಲ. ಆದರೆ ಕಾವ್ಯವೊಂದನ್ನು ಚೆನ್ನಾಗಿದೆ ಎಂದವನು ಕಾರಣ ಕೊಡಲು ಹೊರಡುತ್ತಾನೆ. ಕಾರಣ ಕೊಡಲು ಹೊರಟವನು ಇದು ನನ್ನೊಬ್ಬನ ಪಾಡು ಎಂಬ ನೆಲವನ್ನು ಆಗಲೇ ಬಿಟ್ಟಿರುತ್ತಾನೆ. ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಹೇಳಿದ್ದು ಇದನ್ನೇ: ಸೌಂದರ್ಯದ ತೀರ್ಪು ಹುಟ್ಟುವುದು ನಮ್ಮ ಭಾವದಲ್ಲಾದರೂ ಅದು ಎಲ್ಲರ ಒಪ್ಪಿಗೆಯನ್ನು ಬೇಡುತ್ತದೆ. ಡೇವಿಡ್ ಹ್ಯೂಮ್ 1757ರ ಪ್ರಬಂಧವೊಂದರಲ್ಲಿ ‘ಡಾನ್ ಕ್ವಿಕ್ಸೋಟ್’ನಿಂದ ಒಂದು ಕತೆಯನ್ನು ಎತ್ತಿಕೊಳ್ಳುತ್ತಾನೆ. ಇಬ್ಬರು ಒಂದೇ ಪೀಪಾಯಿಯ ದ್ರಾಕ್ಷಾರಸವನ್ನು ಸವಿದು, ಒಬ್ಬ ಚರ್ಮದ ವಾಸನೆ ಇದೆ ಎಂದನಂತೆ, ಇನ್ನೊಬ್ಬ ಕಬ್ಬಿಣದ ರುಚಿ ಇದೆ ಎಂದನಂತೆ. ಸುತ್ತಲಿದ್ದವರು ಇಬ್ಬರನ್ನೂ ನೋಡಿ ನಕ್ಕರು. ಪೀಪಾಯಿ ಬರಿದಾದಾಗ ಅದರ ತಳದಲ್ಲಿ ಚರ್ಮದ ಪಟ್ಟಿ ಕಟ್ಟಿದ ಹಳೆಯ ಕೀಲಿಕೈ ಸಿಕ್ಕಿತು. ರುಚಿಗೆ ಸೂಕ್ಷ್ಮತೆಯ ತರತಮವಿದೆ, ಅಭ್ಯಾಸದಿಂದ ಅದು ಹರಿತವಾಗುತ್ತದೆ ಎಂಬುದು ಹ್ಯೂಮನ ಮಾತಿನ ಸಾರ. ನಮ್ಮ ಆಲಂಕಾರಿಕರು ಸಹೃದಯನಿಗೆ ಹೇಳಿದ ಲಕ್ಷಣವೂ ಇದಕ್ಕೆ ದೂರವಲ್ಲ. ಕಾವ್ಯಾಭ್ಯಾಸದಿಂದ ಕನ್ನಡಿಯಂತೆ ತಿಳಿಯಾದ ಮನಸ್ಸುಳ್ಳವನು ಎಂದು ಅಭಿನವಗುಪ್ತ ಅವನನ್ನು ವರ್ಣಿಸುತ್ತಾನೆ. ಅಹಂಕಾರ ಬರುವುದು ತೀರ್ಪು ಕೊಡುವುದರಿಂದಲ್ಲ, ಕಾರಣ ಕೊಡದೆ ತೀರ್ಪು ಕೊಡುವುದರಿಂದ.

## ದುರಂತ ನಾಟಕ

ಕೊನೆಯಲ್ಲಿ ನಾಯಕ ಸತ್ತರೆ ಅದು ಟ್ರ್ಯಾಜಿಡಿ, ಅಷ್ಟೇ ತಾನೆ? ಪೇಪರಿನವರು ಬಸ್ ಅಪಘಾತಕ್ಕೂ ದುರಂತ ಅಂತಾರೆ.

ಗ್ರೀಕರ ಮಟ್ಟಿಗೆ ನಾಯಕ ಸಾಯಲೇಬೇಕೆಂಬ ನಿಯಮವಿಲ್ಲ. ಸೋಫೊಕ್ಲಿಸನ ‘ಫಿಲೊಕ್ಟಿಟಿಸ್’ನಲ್ಲಿ ಯಾರೂ ಸಾಯುವುದಿಲ್ಲ, ಈಸ್ಕಿಲಸನ ‘ಒರೆಸ್ತಿಯಾ’ ತ್ರಿವಳಿ ರಾಜಿಯಲ್ಲಿ ಮುಗಿಯುತ್ತದೆ, ಈಡಿಪಸ್ ದೊರೆಯ ನಾಟಕದ ಕೊನೆಯಲ್ಲಿ ಈಡಿಪಸ್ ಬದುಕಿಯೇ ಇರುತ್ತಾನೆ. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ದುರಂತ ನಾಟಕದ ಆತ್ಮವೆಂದು ಕರೆದದ್ದು ಸಾವನ್ನಲ್ಲ, ಕಥಾಸಂವಿಧಾನವನ್ನು. ಒಂದರ ಮೇಲೊಂದು ಬಂದ ಘಟನೆಗಳಿಗೂ ಒಂದರಿಂದ ಇನ್ನೊಂದು ಹುಟ್ಟಿದ ಘಟನೆಗಳಿಗೂ ಇರುವ ವ್ಯತ್ಯಾಸವೇ ಅವನಿಗೆ ಮುಖ್ಯ.

ಬಸ್ ಕಮರಿಗೆ ಉರುಳಿದ್ದು ಘೋರ, ಆದರೆ ಬ್ರೇಕ್ ಕೈಕೊಟ್ಟದ್ದಕ್ಕೂ ಒಳಗೆ ಕುಳಿತಿದ್ದವರ ಬದುಕಿಗೂ ಒಳಸಂಬಂಧವಿಲ್ಲ. ಅರಿಸ್ಟಾಟಲ್ ಒಂದು ವಿಚಿತ್ರ ಉದಾಹರಣೆ ಕೊಡುತ್ತಾನೆ: ಆರ್ಗೋಸ್ ನಗರದಲ್ಲಿ ಮಿಟಿಸ್ ಎಂಬವನ ಪ್ರತಿಮೆ, ಅವನನ್ನು ಕೊಂದವನು ನೋಡುತ್ತ ನಿಂತಿದ್ದಾಗ, ಅವನ ಮೇಲೆಯೇ ಬಿದ್ದು ಅವನನ್ನು ಕೊಂದಿತು. ಇದು ಆಕಸ್ಮಿಕವೇ, ಆದರೂ ಯಾರೋ ಹೂಡಿದಂತೆ ಕಾಣುತ್ತದೆ, ಆದ್ದರಿಂದಲೇ ಬೆರಗು ಹುಟ್ಟಿಸುತ್ತದೆ. ದುರಂತ ನಾಟಕಕಾರನಿಗೆ ಬೇಕಾದದ್ದು ಈ ‘ಹೀಗೇ ಆಗಬೇಕಿತ್ತು’ ಎಂಬ ಅನಿಸಿಕೆ. ಅದು ಮೂಡದಿದ್ದರೆ ರಂಗದ ಮೇಲೆ ಹತ್ತು ಹೆಣ ಬಿದ್ದರೂ ಅದು ಬರೀ ಕೊಲೆಯ ಕತೆ.

ಅಳು ಬರಿಸುವ ನಾಟಕವನ್ನು ದುಡ್ಡು ಕೊಟ್ಟು ನೋಡುತ್ತೇವೆ, ಹೊರಗೆ ಬಂದು ಚೆನ್ನಾಗಿತ್ತು ಅನ್ನುತ್ತೇವೆ. ಇದೆಂಥ ಮನಸ್ಸು ನಮ್ಮದು?

ಇದು ಈ ಇಡೀ ಕ್ಷೇತ್ರದ ಅತ್ಯಂತ ಒಳ್ಳೆಯ ಪ್ರಶ್ನೆ. ಇದನ್ನು ಕೇಳಿದ ಮೊದಲಿಗರು ಅನುಮಾನದಿಂದಲೇ ಕೇಳಿದರು. ಪ್ಲೇಟೋವಿನ ‘ರಿಪಬ್ಲಿಕ್’ನಲ್ಲಿ ಲಿಯಾಂಟಿಯಸ್ ಎಂಬವನ ಕತೆ ಬರುತ್ತದೆ. ಪಿರೇಯಸ್‌ನಿಂದ ಬರುವ ದಾರಿಯಲ್ಲಿ, ಗೋಡೆಯ ಹೊರಬದಿಯಲ್ಲಿ, ವಧಕಾರನ ಬಳಿ ಬಿದ್ದಿದ್ದ ಹೆಣಗಳನ್ನು ಅವನು ಕಾಣುತ್ತಾನೆ. ನೋಡಬೇಕೆನಿಸುತ್ತದೆ, ಹೇಸಿಗೆಯೂ ಆಗುತ್ತದೆ, ಮುಖ ಮುಚ್ಚಿಕೊಳ್ಳುತ್ತಾನೆ, ಕೊನೆಗೆ ತಡೆಯಲಾರದೆ ಓಡಿಹೋಗಿ, ಕಣ್ಣರಳಿಸಿ, ‘ನೋಡಿರಿ ಪಾಪಿಗಳೇ, ಈ ಸೊಗಸಾದ ನೋಟವನ್ನು ಹೊಟ್ಟೆ ತುಂಬ ನೋಡಿಕೊಳ್ಳಿ’ ಎಂದು ತನ್ನ ಕಣ್ಣುಗಳನ್ನೇ ಬಯ್ಯುತ್ತಾನೆ. ದುರಂತ ನಾಟಕದ ಪ್ರೇಕ್ಷಕನೂ ಲಿಯಾಂಟಿಯಸ್‌ನ ಬಂಧುವೇ? ಸಂತ ಅಗಸ್ಟೀನನೂ ತಾನು ಯೌವನದಲ್ಲಿ ನಾಟಕ ನೋಡಿ ಸುರಿಸಿದ ಕಣ್ಣೀರನ್ನು ನೆನೆದು ಇದನ್ನೇ ಕೇಳಿಕೊಂಡ: ತಾನು ಅನುಭವಿಸಲು ಒಲ್ಲದ ದುಃಖವನ್ನು ನೋಡಲು ಮನುಷ್ಯ ಏಕೆ ಹಂಬಲಿಸುತ್ತಾನೆ?

ಬಂದ ಉತ್ತರಗಳಲ್ಲಿ ಮೂರನ್ನು ಪರೀಕ್ಷಿಸಬಹುದು. ಬೇಸರಕ್ಕಿಂತ ಯಾವ ಭಾವೋದ್ರೇಕವಾದರೂ ಮೇಲು, ಅದಕ್ಕೇ ಹೋಗುತ್ತೇವೆ ಎಂದು ಫ್ರಾನ್ಸಿನ ದ್ಯುಬೊ ಹೇಳಿದ. ಹಾಗಿದ್ದರೆ ಬೀದಿಯ ಅಪಘಾತವೂ ಸಾಕಾಗುತ್ತಿತ್ತು. ಇದು ಸುಳ್ಳೆಂಬ ಅರಿವು ಒಳಗೊಳಗೇ ಇರುವುದರಿಂದ ನೋವು ಮೃದುವಾಗುತ್ತದೆ ಎಂದು ಫಾಂಟನೆಲ್ ಹೇಳಿದ. ಇದಕ್ಕೆ ಹ್ಯೂಮ್ ಕೊಟ್ಟ ಪ್ರತ್ಯುತ್ತರ ಚುರುಕಾಗಿದೆ: ಸಿಸಿಲಿಯ ನಾವಿಕ ಮುಖ್ಯಸ್ಥರನ್ನು ವೆರೀಸ್ ಎಂಬ ಅಧಿಕಾರಿ ಕೊಲ್ಲಿಸಿದ್ದನ್ನು ಸಿಸೆರೊ ವರ್ಣಿಸಿದ್ದು ಕಟ್ಟುಕತೆಯಲ್ಲ, ನಡೆದ ಸಂಗತಿ; ಆದರೂ ಅವನ ಮಾತಿನಲ್ಲಿ ರಸವಿದೆ. ವಾಕ್‌ಶಕ್ತಿ ಮತ್ತು ಕಲಾಕೌಶಲದ ಆನಂದವು ದುಃಖದ ಬಲವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ ಎಂಬುದು ಹ್ಯೂಮನ ಸ್ವಂತ ಉತ್ತರ. ಸೊಗಸಾದ ಉತ್ತರ. ಆದರೆ ಮಗನನ್ನು ಕಳೆದುಕೊಂಡ ತಂದೆಯ ಮುಂದೆ ಆ ಸಾವನ್ನು ವಾಗ್ಮಿಯಂತೆ ವರ್ಣಿಸಿದರೆ ಅವನ ನೋವು ಹೆಚ್ಚುತ್ತದೆ ಎಂದು ಹ್ಯೂಮನೇ ಒಪ್ಪುತ್ತಾನೆ. ಹಾಗಾದರೆ ಕೌಶಲವೊಂದೇ ಸಾಲದು, ಇನ್ನೇನೋ ಬೇಕು.

ಆ ‘ಇನ್ನೇನೋ’ ದೂರ ಎಂದು ನನಗೆ ತೋರುತ್ತದೆ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುವ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಕ್ರಿ.ಪೂ. 494ರಲ್ಲಿ ಪಾರಸಿಕರು ಅಥೆನ್ಸಿನವರಿಗೆ ಬಳಗವೆನಿಸಿದ ಮಿಲಿಟಸ್ ನಗರವನ್ನು ನಾಶಮಾಡಿದರು. ಫ್ರಿನಿಕಸ್ ಎಂಬ ಕವಿ ಅದನ್ನೇ ನಾಟಕವಾಗಿಸಿದಾಗ ರಂಗಮಂದಿರವೇ ಕಣ್ಣೀರಿಟ್ಟಿತು. ಆದರೆ ಅಥೆನ್ಸಿನವರು ತಮ್ಮ ಸ್ವಂತ ಕೇಡನ್ನು ನೆನಪಿಸಿದ್ದಕ್ಕೆ 1000 ದ್ರಾಖ್ಮ ದಂಡ ಹಾಕಿ, ಆ ನಾಟಕವನ್ನು ಮುಂದೆ ಯಾರೂ ಆಡಕೂಡದೆಂದು ತಡೆದರು. ಕ್ರಿ.ಪೂ. 472ರಲ್ಲಿ ಈಸ್ಕಿಲಸ್ ‘ಪಾರಸಿಕರು’ ನಾಟಕವನ್ನು ಆಡಿಸಿದ. ಗ್ರೀಕರು ಪಾರಸಿಕರನ್ನು ಸೋಲಿಸಿದ ಸಲಾಮಿಸ್ ಕದನ ಮುಗಿದು ಎಂಟೇ ವರ್ಷವಾಗಿತ್ತು. ಆದರೆ ರಂಗದ ಮೇಲೆ ಅತ್ತವರು ಶತ್ರುಗಳು, ಸ್ಥಳ ದೂರದ ಪಾರಸಿಕ ರಾಜಧಾನಿ ಸೂಸಾ. ಅದಕ್ಕೆ ಬಹುಮಾನ ಬಂತು, ಅದು ಇಂದಿಗೂ ಉಳಿದಿದೆ, ಬಿ.ಎಂ.ಶ್ರೀಕಂಠಯ್ಯನವರ ಕೈಯಲ್ಲಿ ಕನ್ನಡಕ್ಕೂ ಬಂದಿದೆ. ತನ್ನದೇ ಗಾಯವಾದರೆ ಅಳು ಅಳುವಾಗಿಯೇ ಉಳಿಯುತ್ತದೆ; ಯಾರದೋ ಆಗಿಬಿಟ್ಟರೆ ಮನಸ್ಸು ಅಲುಗುವುದೇ ಇಲ್ಲ. ದುರಂತ ನಾಟಕ ನಿಲ್ಲುವುದು ಈ ಎರಡರ ನಡುವಣ ಇಕ್ಕಟ್ಟಾದ ಜಾಗದಲ್ಲಿ, ಮತ್ತು ಅಲ್ಲಿ ನಮಗೆ ಸಿಗುವುದು ನೋವನ್ನು ಕಣ್ಣು ಮುಚ್ಚದೆ ನೋಡುವ ಅಪರೂಪದ ಅವಕಾಶ.

ಈಡಿಪಸ್ ಮಾಡಿದ ತಪ್ಪಾದರೂ ಏನು? ಅವನ ಸಿಟ್ಟೇ ಅವನಿಗೆ ಮುಳುವಾಯಿತು ಅಂತ ಮೇಷ್ಟ್ರು ಹೇಳಿದ್ದರು.

ನಾಯಕನ ಸ್ವಭಾವದಲ್ಲಿ ಒಂದು ನೈತಿಕ ದೋಷವಿರಬೇಕು, ಅದೇ ಅವನ ಪತನಕ್ಕೆ ಕಾರಣ ಎಂಬ ಪಾಠವನ್ನು ನಮ್ಮ ತರಗತಿಗಳು ಬಹುಕಾಲ ಹೇಳಿಕೊಡುತ್ತ ಬಂದಿವೆ. ಅರಿಸ್ಟಾಟಲ್ ಹದಿಮೂರನೆಯ ಅಧ್ಯಾಯದಲ್ಲಿ ಹೇಳುವುದು ಇದಕ್ಕಿಂತ ಕಡಿಮೆ, ಇದಕ್ಕಿಂತ ಆಳ. ಪೂರ್ಣ ಸಜ್ಜನ ಕೆಟ್ಟರೆ ನಮಗೆ ಜುಗುಪ್ಸೆಯಾಗುತ್ತದೆ, ದುರ್ಜನ ಕೆಟ್ಟರೆ ಕರುಣೆ ಹುಟ್ಟುವುದಿಲ್ಲ. ಆದ್ದರಿಂದ ಇಬ್ಬರ ನಡುವಿನವನು, ದುಷ್ಟತನದಿಂದಲ್ಲದೆ ಯಾವುದೋ ದೊಡ್ಡ ಎಡವಟ್ಟಿನಿಂದ ಕೆಡಬೇಕು. ಗುರಿ ತಪ್ಪಿದ ಬಾಣದಂಥ ತಪ್ಪು ಅದು; ಅರಿಯದೆ ಮಾಡಿದ ಕೆಲಸವೂ ಅದರಲ್ಲಿ ಸೇರುತ್ತದೆ.

ನಾಟಕವನ್ನೇ ನೋಡಿ. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುವೆ ಎಂಬ ದೈವವಾಣಿಗೆ ಹೆದರಿ ಈಡಿಪಸ್, ತನ್ನ ತಂದೆಯೆಂದು ನಂಬಿದ್ದ ಪಾಲಿಬಸ್ ದೊರೆಯ ಕಾರಿಂಥ್ ಪಟ್ಟಣವನ್ನು ಬಿಟ್ಟು ಬಂದವನು. ದಾರಿಯಲ್ಲಿ ಗುರುತಿಲ್ಲದೆ ಕೊಂದವನೇ ಅವನ ತಂದೆ, ಥೀಬ್ಸಿನಲ್ಲಿ ಅರಸನಾಗಿ ಮದುವೆಯಾದ ರಾಣಿ ಯೊಕಾಸ್ತಳೇ ಅವನ ತಾಯಿ; ಅವನಿಗೆ ಅದು ತಿಳಿಯದು. ಈಗ ಕಾರಿಂಥಿನಿಂದ ದೂತನೊಬ್ಬ ಬರುತ್ತಾನೆ. ಅವನು ತಂದಿರುವುದು ಒಂದು ಬಗೆಯಲ್ಲಿ ಶುಭವಾರ್ತೆ: ಪಾಲಿಬಸ್ ದೊರೆ ತೀರಿಕೊಂಡ, ಈಡಿಪಸ್ ಇನ್ನು ಅಲ್ಲಿಗೂ ಅರಸ. ತಂದೆಯನ್ನು ಕೊಲ್ಲುವೆನೆಂಬ ಭೀತಿ ಈಡಿಪಸ್‌ಗೆ ತೊಲಗುತ್ತದೆ, ತಾಯಿಯ ವಿಷಯದ ಭೀತಿ ಉಳಿಯುತ್ತದೆ. ಆ ಮುದುಕ ಒಳ್ಳೆಯ ಮನಸ್ಸಿನಿಂದ ಅದನ್ನೂ ನಿವಾರಿಸಲು ಹೊರಟು, ‘ಅವಳು ನಿನ್ನ ಹೆತ್ತ ತಾಯಿಯೇ ಅಲ್ಲ, ನಿನ್ನನ್ನು ಕೂಸಾಗಿದ್ದಾಗ ನಾನೇ ಕೊಟ್ಟೆ’ ಎನ್ನುತ್ತಾನೆ. ಸಮಾಧಾನದ ಆ ಒಂದು ಮಾತಿನಿಂದ ಎಲ್ಲ ಕುಸಿಯುತ್ತದೆ. ಪಕ್ಕದಲ್ಲಿ ನಿಂತ ಯೊಕಾಸ್ತಳಿಗೆ ಈಡಿಪಸ್‌ಗಿಂತ ಮೊದಲೇ ಎಲ್ಲ ಅರ್ಥವಾಗಿ, ಇನ್ನು ವಿಚಾರಿಸಬೇಡವೆಂದು ಅವಳು ಬೇಡಿಕೊಳ್ಳುತ್ತಾಳೆ. ಅವನು ಕೇಳುವುದಿಲ್ಲ. ಸತ್ಯ ತಿಳಿಯದೆ ಬಿಡೆನೆಂಬ ಹಟ ಇದೆಯಲ್ಲ, ಅದರಿಂದಲೇ ಅವನು ಹಿಂದೆ ಥೀಬ್ಸನ್ನು ಉಳಿಸಿದ್ದು. ಅವನ ಗುಣವೇ ಅವನನ್ನು ಕೆಡಿಸುತ್ತದೆ. ಇದಕ್ಕೆ ದೋಷವೆಂದು ಹೆಸರಿಡುವುದು ಲೆಕ್ಕವನ್ನು ಸುಲಭಮಾಡಿಕೊಳ್ಳುವ ಆಸೆಯಷ್ಟೆ. ತಪ್ಪಿಗೂ ಅದರಿಂದ ಬಂದ ನೋವಿಗೂ ತಾಳೆಯಾಗದ ಅಂತರವೇ ದುರಂತದ ಜೀವಾಳ. ಆ ಅಂತರವನ್ನು ಮುಚ್ಚಿದ ವಿಮರ್ಶೆ ನಾಟಕವನ್ನು ನೀತಿಕತೆಯಾಗಿಸುತ್ತದೆ.

ಕತೆ ಮೊದಲೇ ಗೊತ್ತಿದ್ದರೆ ಕುತೂಹಲ ಎಲ್ಲಿ ಉಳಿಯುತ್ತದೆ?

ಈಡಿಪಸ್ ಎಂಬ ಹೆಸರು ಹೇಳಿದರೆ ಸಾಕು, ಉಳಿದ ಕತೆಯನ್ನೆಲ್ಲ ಪ್ರೇಕ್ಷಕರೇ ಬಲ್ಲರು, ದುರಂತ ಕವಿಗಳ ಬದುಕು ಎಷ್ಟು ಸುಖ ಎಂದು ಗ್ರೀಕರ ಹಾಸ್ಯ ನಾಟಕಕಾರ ಆಂಟಿಫನೀಸ್ ಗೊಣಗಿದ್ದಾನೆ. ಕರಾವಳಿ ಮಲೆನಾಡುಗಳಲ್ಲಿ ‘ಕರ್ಣಭೇದನ’ದ ತಾಳಮದ್ದಳೆಗೆ ರಾತ್ರಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರ್ಣ ಪಾಂಡವರ ಕಡೆಗೆ ಹೋಗುವುದಿಲ್ಲವೆಂದು ಅಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ಕೃಷ್ಣನ ಅರ್ಥಧಾರಿ ಒಡ್ಡಿದ ವಾದಕ್ಕೆ ಇಂದಿನ ಕರ್ಣ ಯಾವ ಮಾತಿನಿಂದ ‘ಇಲ್ಲ’ ಎನ್ನುತ್ತಾನೆ ಎಂಬುದಕ್ಕೆ ಕಿವಿ ತೆರೆದಿರುತ್ತದೆ. ಏನಾಯಿತೆಂಬ ಕುತೂಹಲ ತೀರಿದ ಮೇಲೆಯೇ ಏಕಾಯಿತು, ಹೇಗಾಯಿತು ಎಂಬುದರ ಕಡೆ ಗಮನ ಹೊರಳುವುದು.

ಕೆಥಾರ್ಸಿಸ್ ಅಂದರೆ ಅತ್ತು ಮನಸ್ಸು ಹಗುರಮಾಡಿಕೊಳ್ಳುವುದು ಅಂತ ಓದಿದ್ದೇನೆ. ಸರಿಯೇ?

ಅದು ಮೂರು ವ್ಯಾಖ್ಯಾನಗಳಲ್ಲಿ ಒಂದು. ಅರಿಸ್ಟಾಟಲ್ ದುರಂತ ನಾಟಕದ ಲಕ್ಷಣ ಹೇಳುವಾಗ ಈ ಮಾತನ್ನು ಒಮ್ಮೆ ಬಳಸಿ, ವಿವರಿಸದೆ ಮುಂದೆ ಹೋಗಿಬಿಟ್ಟ. ರಾಜನೀತಿಯನ್ನು ಕುರಿತ ಗ್ರಂಥದಲ್ಲಿ ಇದನ್ನು ಕಾವ್ಯದ ಪ್ರಸಂಗದಲ್ಲಿ ಬಿಡಿಸಿ ಹೇಳುವೆನೆಂದು ಮಾತು ಕೊಟ್ಟಿದ್ದಾನೆ. ಆ ವಿವರಣೆ ನಮಗೆ ಉಳಿದು ಬಂದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ವಿಮರ್ಶಕ ಲೆಸಿಂಗ್ ಇದನ್ನು ಭಾವಗಳ ಶುದ್ಧೀಕರಣವೆಂದು ಓದಿದ: ಅತಿಯಾದದ್ದು ತಗ್ಗಿ, ಕಡಿಮೆಯಾದದ್ದು ಹೆಚ್ಚಿ, ಕರುಣೆ ಮತ್ತು ಭಯಗಳು ಹದಕ್ಕೆ ಬರುತ್ತವೆ. 1857ರಲ್ಲಿ ಯಾಕೋಬ್ ಬೆರ್ನೈಸ್ ವೈದ್ಯರ ಭಾಷೆಯನ್ನು ಮುಂದಿಟ್ಟು, ಇದು ವಿರೇಚನ, ಕಟ್ಟಿಕೊಂಡ ಭಾವಗಳನ್ನು ಹೊರಹಾಕಿ ಪಡೆಯುವ ನೆಮ್ಮದಿ ಎಂದ. ನೀವು ಓದಿದ್ದು ಇದರ ಮರಿ. ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಇದನ್ನು ತಿಳಿಯಾಗುವಿಕೆ ಎಂದು, ಯಾವುದಕ್ಕೆ ಮರುಗಬೇಕು, ಯಾವುದಕ್ಕೆ ಅಂಜಬೇಕು ಎಂಬುದು ಸ್ಪಷ್ಟವಾಗುವುದೆಂದು ಓದಿದರು. ನನ್ನ ಒಲವು ಮೂರನೆಯದರ ಕಡೆಗೆ. ಮನಸ್ಸನ್ನು ಹಗುರಮಾಡುವುದೇ ಗುರಿಯಾಗಿದ್ದರೆ ಅಷ್ಟು ಬಿಗಿಯಾದ ಕಥಾಸಂವಿಧಾನ ಬೇಕಿರಲಿಲ್ಲ, ಈರುಳ್ಳಿ ಹೆಚ್ಚಿದರೂ ಕಣ್ಣೀರು ಬರುತ್ತದೆ.

## ನಮ್ಮ ಕಾವ್ಯ, ನಮ್ಮ ಶಾಸ್ತ್ರ

ಭಾರತದಲ್ಲಿ ದುರಂತ ನಾಟಕವೇ ಇಲ್ಲ ಅನ್ನುತ್ತಾರೆ. ನಿಜವೇ? ಇಲ್ಲದಿರುವುದು ಕೊರತೆಯೇ?

ಬಹುಮಟ್ಟಿಗೆ ನಿಜ, ಆದರೆ ಪೂರ್ತಿ ನಿಜವಲ್ಲ. ಸಂಸ್ಕೃತ ನಾಟಕ ಸಾಮಾನ್ಯವಾಗಿ ಅಗಲಿದವರನ್ನು ಕೂಡಿಸಿ, ಭರತವಾಕ್ಯ ಹೇಳಿ ಮುಗಿಯುತ್ತದೆ. ಭವಭೂತಿ ಸೀತಾಪರಿತ್ಯಾಗವನ್ನು ಎತ್ತಿಕೊಂಡು, ಕರುಣರಸವೊಂದೇ ನಿಮಿತ್ತಭೇದದಿಂದ ಬೇರೆ ಬೇರೆಯಾಗಿ ತೋರುತ್ತದೆ ಎಂದು ಹೇಳಿಸಿಯೂ, ಕೊನೆಗೆ ರಾಮನನ್ನೂ ಸೀತೆಯನ್ನೂ ಕೂಡಿಸಿಬಿಡುತ್ತಾನೆ. ಭಾಸನ ಹೆಸರಿನಲ್ಲಿ ತಿರುವನಂತಪುರದ ಗಣಪತಿ ಶಾಸ್ತ್ರಿಗಳು 1912ರಲ್ಲಿ ಪ್ರಕಟಿಸಿದ ನಾಟಕಗಳಲ್ಲಿ ‘ಊರುಭಂಗ’ ಈ ಮಾತಿಗೆ ಅಪವಾದ. ತೊಡೆ ಮುರಿದು ಬಿದ್ದ ದುರ್ಯೋಧನನನ್ನು ಹುಡುಕುತ್ತ ಅವನ ಚಿಕ್ಕ ಮಗ ದುರ್ಜಯ ಬರುತ್ತಾನೆ, ಎಂದಿನಂತೆ ತಂದೆಯ ತೊಡೆಯೇರಲು ಹೋಗುತ್ತಾನೆ, ತಂದೆ ತಡೆಯಬೇಕಾಗುತ್ತದೆ. ಏಕೆ ತಡೆಯುತ್ತೀ ಎಂದು ಮಗು ಕೇಳುತ್ತದೆ. ತುಂಬಿದ ಸಭೆಯಲ್ಲಿ ದ್ರೌಪದಿಗೆ ತೊಡೆ ತೋರಿಸಿದವನಿಗೆ ಇದಕ್ಕಿಂತ ಘೋರವಾದ ಪ್ರಶ್ನೆಯನ್ನು ಭೀಮನ ಗದೆಯೂ ಹಾಕಲಾರದು. ಕವಿ ಅದನ್ನು ಎತ್ತಿ ಹೇಳುವುದಿಲ್ಲ. ನಮಗೇ ನೆನಪಾಗುವಂತೆ ಬಿಡುತ್ತಾನೆ.

ಕನ್ನಡದಲ್ಲಿ ಇದರ ಕತೆ ಇನ್ನೂ ಸ್ವಾರಸ್ಯಕರ. ಹತ್ತನೆಯ ಶತಮಾನದ ಕೊನೆಯಲ್ಲಿ ರನ್ನ, ‘ಗದಾಯುದ್ಧ’ವೆಂದೂ ಹೆಸರಾದ ತನ್ನ ‘ಸಾಹಸಭೀಮ ವಿಜಯ’ವನ್ನು ಬರೆದದ್ದು ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ, ಕಾವ್ಯದ ಹೆಸರಿನ ಪ್ರಕಾರವೂ ನಾಯಕ ಭೀಮನೇ. ಆದರೆ ಓದಿದವರ ಮನಸ್ಸಿನಲ್ಲಿ ನಿಲ್ಲುವವನು ಹೆಣಗಳ ನಡುವೆ ಒಂಟಿಯಾಗಿ ನಡೆಯುವ ದುರ್ಯೋಧನ. ದುಶ್ಶಾಸನನ ಹೆಣದ ಮುಂದೆ ನಿಂತು, ತಾಯಿಯ ಮೊಲೆಹಾಲಿನಿಂದ ಮೊದಲುಗೊಂಡು ಎಲ್ಲದರಲ್ಲಿಯೂ ನಾನು ಮೊದಲು ನೀನು ಅನಂತರ ಎಂಬ ಕ್ರಮವಿತ್ತು, ಸಾವಿನಲ್ಲಿ ಮಾತ್ರ ಅದನ್ನು ಮೀರಿ ನೀನು ಮುಂಚಿದೆ ಎಂದು ಹಲುಬುತ್ತಾನೆ. ಅಭಿಮನ್ಯುವಿನ ಹೆಣದ ಮುಂದೆ, ಶತ್ರುವಿನ ಮಗನ ಮುಂದೆ, ನಿನ್ನ ಸಾಹಸದ ಒಂದು ಅಂಶವಾದರೂ ಇರುವಂಥ ಮರಣ ನಮಗೂ ಬರಲಿ ಎಂದು ಕೈಮುಗಿಯುತ್ತಾನೆ. ಸಂಧಿಮಾಡಿಕೊಳ್ಳೆಂದ ಭೀಷ್ಮನಿಗೆ ಅವನು ಕೊಟ್ಟ ಉತ್ತರ ಕನ್ನಡಿಗರಿಗೆ ಬಾಯಿಪಾಠ: ‘ನೆಲಕಿರಿವೆನೆಂದು ಬಗೆದಿರೆ, ಚಲಕಿರಿವೆಂ’; ನೆಲಕ್ಕಾಗಿ ಹೋರಾಡುವೆನೆಂದು ತಿಳಿದಿರಾ, ಛಲಕ್ಕಾಗಿ ಹೋರಾಡುವೆ ಎಂದರ್ಥ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ ಎನ್ನುವವನಿಗೆ ಇನ್ನು ಗೆಲ್ಲಲು ಏನೂ ಉಳಿದಿಲ್ಲ, ಬಿಡಲೂ ಏನೂ ಉಳಿದಿಲ್ಲ.

ಬಿ.ಎಂ.ಶ್ರೀ. ಗ್ರೀಕ್ ನಾಟಕಗಳನ್ನು ಓದಿದ ಕಣ್ಣಿನಿಂದ ರನ್ನನನ್ನು ನೋಡಿ, ಅವನ ಪದ್ಯಗಳನ್ನೇ ಆಯ್ದು ಜೋಡಿಸಿ 1926ರಲ್ಲಿ ‘ಗದಾಯುದ್ಧ ನಾಟಕಂ’ ಮಾಡಿದರು. ಕಾವ್ಯದೊಳಗೆ ಅವಿತಿದ್ದ ದುರಂತವನ್ನು ಅವರು ಹೊರಗೆಳೆದರು, ಹೊರಗಿನಿಂದ ತಂದು ಸೇರಿಸಲಿಲ್ಲ ಎಂಬುದೇ ಆ ಕೆಲಸದ ಹೆಚ್ಚುಗಾರಿಕೆ. ಸೋಫೊಕ್ಲಿಸನ ‘ಅಜಾಕ್ಸ್’ ಮಾದರಿಯಲ್ಲಿ ಅವರು ಬರೆದ ‘ಅಶ್ವತ್ಥಾಮನ್’ ಬಗ್ಗೆ ಇದೇ ಮಾತು ಹೇಳಲಾರೆ. ಅಲ್ಲಿ ಚಿರಂಜೀವಿಯೊಬ್ಬನನ್ನು ಗ್ರೀಕ್ ಅಚ್ಚಿಗಾಗಿ ಸಾಯಿಸಬೇಕಾಯಿತು. ಸಾಯಲಾರದಿರುವುದೇ ಅಶ್ವತ್ಥಾಮನ ನಿಜವಾದ ದುರಂತವಾಗಿತ್ತಲ್ಲವೇ ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ. ಕೊರತೆಯ ಮಾತಿಗೆ ಬಂದರೆ, ದುರಂತದ ಅನುಭವ ನಮ್ಮ ಕಾವ್ಯಗಳಲ್ಲಿ ಧಾರಾಳವಾಗಿದೆ. ಅದಕ್ಕೆಂದೇ ಮೀಸಲಾದ ನಾಟಕಪ್ರಕಾರ ಬೆಳೆಯಲಿಲ್ಲ, ಅಷ್ಟೆ.

ಕರುಣರಸವೂ ದುರಂತವೂ ಒಂದೇ ಅಲ್ಲವೇ?

ನೆರೆಹೊರೆಯವು, ಒಂದೇ ಅಲ್ಲ. ದುರಂತ ಎಂಬುದು ಇಡೀ ಕೃತಿಯ ಸಂವಿಧಾನಕ್ಕೆ ಸಂಬಂಧಿಸಿದ್ದು; ಕರುಣ ಎಂಬುದು ಆಸ್ವಾದಕ್ಕೆ ಸಂಬಂಧಿಸಿದ್ದು. ನಿರಪರಾಧಿ ಮಗುವಿನ ಸಾವು ಕರುಣವನ್ನು ತುಂಬಿಕೊಡಬಹುದು, ಆದರೆ ಅಲ್ಲಿ ಯಾರ ಆಯ್ಕೆಯೂ ಇಲ್ಲದಿದ್ದರೆ ಅದು ದುರಂತ ನಾಟಕವಾಗದು. ವಿಪ್ರಲಂಭ ಶೃಂಗಾರದಲ್ಲಿ, ಎಂದರೆ ಅಗಲಿದ ಪ್ರೇಮಿಗಳ ಶೃಂಗಾರದಲ್ಲಿ, ಮತ್ತೆ ಕೂಡುವ ಆಸೆ ಇರುತ್ತದೆ, ಕರುಣದಲ್ಲಿ ಆ ಆಸೆ ಕಡಿದುಹೋಗಿರುತ್ತದೆ ಎಂದು ಭರತ ಗೆರೆ ಎಳೆದಿದ್ದಾನೆ. ಇದು ದುರಂತಕ್ಕೂ ಹೊಂದುವ ಸೂಕ್ಷ್ಮ.

ಕರುಣದಿಂದ ಸುಖ ಹೇಗೆ ಎಂಬುದರಲ್ಲಿ ನಮ್ಮವರಲ್ಲೂ ಒಮ್ಮತವಿಲ್ಲ. ಕರುಣವೂ ಆನಂದವೇ, ಅದಕ್ಕೆ ಸಹೃದಯರ ಅನುಭವವೇ ಪ್ರಮಾಣ, ಇಲ್ಲದಿದ್ದರೆ ರಾಮಾಯಣದ ಕಡೆ ಯಾರೂ ಸುಳಿಯುತ್ತಿರಲಿಲ್ಲ ಎಂದು ‘ಸಾಹಿತ್ಯದರ್ಪಣ’ವನ್ನು ಬರೆದ ವಿಶ್ವನಾಥ ಹೇಳುತ್ತಾನೆ. ‘ನಾಟ್ಯದರ್ಪಣ’ವನ್ನು ಬರೆದ ಜೈನ ವಿದ್ವಾಂಸರಾದ ರಾಮಚಂದ್ರ ಮತ್ತು ಗುಣಚಂದ್ರರು ಇದನ್ನು ಒಪ್ಪದೆ, ರಸ ಸುಖದುಃಖಾತ್ಮಕ, ಕರುಣದಲ್ಲಿ ನಿಜವಾಗಿಯೂ ದುಃಖವೇ ಇದೆ, ಚಮತ್ಕಾರ ಬರುವುದು ಕವಿಯ ಮತ್ತು ನಟನ ಶಕ್ತಿಯಿಂದ ಎಂದರು. ಹ್ಯೂಮನಿಗಿಂತ ಆರು ಶತಮಾನ ಮೊದಲೇ ಬಂದ ಈ ಮಾತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಅಭಿನವಗುಪ್ತನ ದಾರಿ ಬೇರೆ. ಕಾಳಿದಾಸನ ಶಾಕುಂತಲದಲ್ಲಿ ಕೊರಳು ತಿರುಗಿಸಿ ರಥವನ್ನು ನೋಡುತ್ತ, ಅರ್ಧ ಅಗಿದ ದರ್ಭೆಯನ್ನು ದಾರಿಯುದ್ದಕ್ಕೂ ಉದುರಿಸುತ್ತ ಓಡುವ ಜಿಂಕೆಯಿದೆ. ಆ ಪದ್ಯವನ್ನು ಕೇಳಿದಾಗ ‘ನಾನು ಹೆದರಿದೆ’, ‘ಅದು ಹೆದರಿತು’, ‘ಶತ್ರು ಹೆದರಿದ’ ಎಂಬ ಯಾವ ಲೆಕ್ಕಕ್ಕೂ ಸೇರದ, ಕಾಲದೇಶಗಳ ಗುರುತಿಲ್ಲದ ಭಯವೊಂದು ಎದುರಿಗೆ ನಿಲ್ಲುತ್ತದೆ; ಸಾಧಾರಣೀಕರಣ ಅಂದರೆ ಇದು. ಕ್ರೌಂಚವಧೆಯ ಪ್ರಸಂಗದಲ್ಲೂ ಅವನು ಪಟ್ಟುಬಿಡದೆ ಹೇಳುತ್ತಾನೆ: ಶ್ಲೋಕವಾದ ಆ ಶೋಕ ಮುನಿಯ ಸ್ವಂತದ ಶೋಕವೆಂದು ತಿಳಿಯಬೇಡಿ; ಹಾಗಿದ್ದರೆ ವಾಲ್ಮೀಕಿ ದುಃಖದಲ್ಲಿ ಬೆಂದಿರುತ್ತಿದ್ದ, ಕಾವ್ಯ ಹುಟ್ಟುತ್ತಿರಲಿಲ್ಲ.

## ಇನ್ನೂ ಮುಂದೆ

ಹೆಗೆಲ್ ಪ್ರಕಾರ ಅಂತಿಗೊನೆಯಲ್ಲಿ ಕ್ರಿಯಾನ್‌ನದೂ ಸರಿ ಅಂತೆ. ಒಪ್ಪುವುದು ಹೇಗೆ?

ಸೋಫೊಕ್ಲಿಸನ ಆ ನಾಟಕದಲ್ಲಿ ಅಂತಿಗೊನೆ ತನ್ನ ಅಣ್ಣನ ಹೆಣಕ್ಕೆ ಸಂಸ್ಕಾರ ಮಾಡಲು ಹೊರಡುತ್ತಾಳೆ, ಥೀಬ್ಸಿನ ಅರಸ ಕ್ರಿಯಾನ್ ಅದನ್ನು ನಿಷೇಧಿಸಿದ್ದಾನೆ. ಊರಿನ ಮೇಲೆ ದಂಡೆತ್ತಿ ಬಂದವನಿಗೆ ಸಂಸ್ಕಾರವಿಲ್ಲ ಎನ್ನುವುದು ಅರಸನ ನ್ಯಾಯ, ಒಡಹುಟ್ಟಿದವನನ್ನು ನಾಯಿನರಿಗಳಿಗೆ ಬಿಡಲಾರೆ ಎನ್ನುವುದು ತಂಗಿಯ ನ್ಯಾಯ. ಇಬ್ಬರೂ ತಮ್ಮ ನ್ಯಾಯವನ್ನೇ ನ್ಯಾಯದ ಪೂರ್ಣರೂಪವೆಂದು ತಿಳಿದದ್ದರಿಂದ ಇಬ್ಬರೂ ಕೆಟ್ಟರು ಎಂಬುದು ಹೆಗೆಲನ ಓದು. ಒಳಿತು ಕೆಡುಕುಗಳ ಹೋರಾಟಕ್ಕಿಂತ ಎರಡು ಒಳಿತುಗಳ ಹೋರಾಟ ಕಠಿಣ ಎಂಬುದನ್ನು ಕಾಣಿಸಿದ್ದು ಅವನ ದೊಡ್ಡ ಕೊಡುಗೆ. ಆದರೆ ನಾಟಕ ತಕ್ಕಡಿಯನ್ನು ಸಮನಾಗಿ ಹಿಡಿಯುವುದಿಲ್ಲ. ಕುರುಡು ಪ್ರವಾದಿ ತೈರೀಸಿಯಸ್ ಬಂದು ತಪ್ಪು ಕ್ರಿಯಾನ್‌ನದೆಂದು ನೇರವಾಗಿ ಹೇಳುತ್ತಾನೆ. ಅಂತಿಗೊನೆಗೆ ಹಾಗೆ ಹೇಳುವ ದೈವವಾಣಿ ಬರುವುದಿಲ್ಲ. ಹೆಗೆಲನಿಗೆ ಕೊನೆಯಲ್ಲೊಂದು ಸಮನ್ವಯ ಬೇಕಿತ್ತು, ಸೋಫೊಕ್ಲಿಸ್‌ಗೆ ಬೇಕಿರಲಿಲ್ಲ.

ಶೋಪೆನ್‌ಹೌವರ್ ಮತ್ತು ನೀತ್ಷೆ ಇಬ್ಬರೂ ಬದುಕು ದುಃಖಮಯ ಅನ್ನುತ್ತಾರೆ. ವ್ಯತ್ಯಾಸ ಏನು?

ದುರಂತ ನಾಟಕ ನೋಡಿದವನು ಬದುಕಿನ ಮೇಲಣ ಆಸೆಯನ್ನು ಬಿಡಲು ಕಲಿಯುತ್ತಾನೆ ಎಂದು ಶೋಪೆನ್‌ಹೌವರ್ ತಿಳಿದ. ನೀತ್ಷೆ 1872ರ ತನ್ನ ಮೊದಲ ಪುಸ್ತಕದಲ್ಲಿ ಅದೇ ಕಹಿಯಿಂದ ಹೊರಟು ವಿರುದ್ಧ ದಿಕ್ಕಿಗೆ ನಡೆದ. ರೂಪ ಕೊಡುವ ಅಪೊಲೊ ದೇವತೆಯ ಶಕ್ತಿಯೂ ಎಲ್ಲೆ ಕರಗಿಸುವ, ಮದ್ಯದ ದೇವತೆ ಡಯೊನೈಸಸನ ಶಕ್ತಿಯೂ ಕೂಡಿದಾಗ ಗ್ರೀಕ್ ದುರಂತ ಹುಟ್ಟಿತು, ಹುಟ್ಟದೇ ಇರುವುದೇ ಲೇಸೆಂಬ, ಡಯೊನೈಸಸನ ಸಂಗಾತಿ ಸೈಲೀನಸನ ಮಾತನ್ನು ಕೇಳಿಯೂ ಬದುಕನ್ನು ಒಪ್ಪಿಕೊಳ್ಳುವ ಬಲವನ್ನು ಅದು ಕೊಟ್ಟಿತು ಎಂದ. ಸಾಕ್ರಟೀಸನ ತರ್ಕ ಯೂರಿಪಿಡೀಸನ ಮೂಲಕ ರಂಗಕ್ಕೆ ಬಂದು ಅದನ್ನು ಕೊಂದಿತು ಎಂಬ ಅವನ ಆರೋಪ ಮಾತ್ರ ಯೂರಿಪಿಡೀಸನನ್ನು ಓದಿದವರಿಗೆ ಒಪ್ಪಿಗೆಯಾಗುವುದು ಕಷ್ಟ. 1886ರ ಹೊಸ ಮುನ್ನುಡಿಯಲ್ಲಿ ನೀತ್ಷೆಯೇ ತನ್ನ ಆ ಪುಸ್ತಕವನ್ನು ಕಟುವಾಗಿ ಟೀಕಿಸಿಕೊಂಡಿದ್ದಾನೆ.

ಕರ್ಮಸಿದ್ಧಾಂತವನ್ನು ನಂಬಿದವರಿಗೆ ದುರಂತ ಸಾಧ್ಯವೇ? ಎಲ್ಲವೂ ಮಾಡಿದ್ದರ ಫಲ ಅಂದಮೇಲೆ ಅನ್ಯಾಯ ಎಲ್ಲಿದೆ?

ಸಿದ್ಧಾಂತವಾಗಿ ನೋಡಿದರೆ ಕರ್ಮ ಲೆಕ್ಕವನ್ನು ಸರಿದೂಗಿಸುತ್ತದೆ, ದುರಂತ ಲೆಕ್ಕ ಸರಿಹೋಗದ ಕಡೆ ಹುಟ್ಟುತ್ತದೆ, ಎರಡಕ್ಕೂ ಹೊಂದುವುದಿಲ್ಲ. ಆದರೆ ಕವಿಗಳು ಸಿದ್ಧಾಂತದ ಗುಮಾಸ್ತರಲ್ಲ. ಕರ್ಣನನ್ನು ತೆಗೆದುಕೊಳ್ಳಿ. ಅವನಿಗೆ ಪರಶುರಾಮನ ಶಾಪವಿದೆ, ಹಸುವನ್ನು ಕಳೆದುಕೊಂಡ ಬ್ರಾಹ್ಮಣನ ಶಾಪವಿದೆ. ಬೇಕಾದಷ್ಟು ಕಾರಣಗಳನ್ನು ಮಹಾಭಾರತವೇ ಒದಗಿಸುತ್ತದೆ. ಆ ಕಾರಣಗಳನ್ನೆಲ್ಲ ಒಪ್ಪಿಕೊಂಡೂ ಅವನ ಸಾವು ನಮಗೆ ಸರಿಯೆನಿಸುವುದಿಲ್ಲ.

ಈಡಿಪಸ್‌ಗೂ ಕರ್ಣನಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಈಡಿಪಸ್ ತಿಳಿಯದೆ ಮಾಡಿದ, ತಿಳಿದಾಗ ಎಲ್ಲ ಮುಗಿದಿತ್ತು. ಕರ್ಣನಿಗೆ ಜನ್ಮರಹಸ್ಯ ಯುದ್ಧಕ್ಕೆ ಮೊದಲೇ ತಿಳಿಯುತ್ತದೆ. ಅವನ ದುರಂತ ಅರಿವಿನ ನಂತರ ಶುರುವಾಗುತ್ತದೆ. ಉದ್ಯೋಗಪರ್ವದಲ್ಲಿ ಅವನು ಕೃಷ್ಣನಿಗೆ ಹೇಳುವ ಮಾತನ್ನು ಗಮನಿಸಬೇಕು: ಈ ಗುಟ್ಟನ್ನು ಧರ್ಮರಾಯನಿಗೆ ತಿಳಿಸಬೇಡ, ತಿಳಿದರೆ ಅವನು ರಾಜ್ಯವನ್ನು ತಾನು ಉಳಿಸಿಕೊಳ್ಳದೆ ನನಗೆ ಕೊಡುತ್ತಾನೆ, ನಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ. ತನ್ನ ಋಣ ತನ್ನನ್ನು ಯಾವ ಕಡೆಗೆ ಎಳೆಯುತ್ತದೆಂದು ಅವನಿಗೆ ಗೊತ್ತು, ಗೆಲ್ಲಬೇಕಾದವರು ಯಾರೆಂದೂ ಗೊತ್ತು, ಆದರೂ ಅವನು ಸೋಲುವ ಕಡೆಗೇ ಹಿಂದಿರುಗುತ್ತಾನೆ. ಇದನ್ನು ಶಾಪದ ಫಲವೆಂದು ಓದಿದರೆ ಆ ಮಾತಿನಲ್ಲಿರುವ ಸ್ವಾತಂತ್ರ್ಯ ಕಾಣದೆ ಹೋಗುತ್ತದೆ. ಪಂಪ ತನ್ನ ಕಾವ್ಯದ ನಾಯಕನಾಗಿ ಅರ್ಜುನನನ್ನು ಇಟ್ಟುಕೊಂಡೂ, ಒಂದೇ ಚಿತ್ತದಿಂದ ನೆನೆಯುವುದಾದರೆ ‘ಕರ್ಣನಂ ನೆನೆಯ’ ಎಂದದ್ದು ಸುಮ್ಮನೆ ಅಲ್ಲ.

ಬಡತನ, ಯುದ್ಧ, ಸಾವು ಇವನ್ನೆಲ್ಲ ‘ದುರಂತ’ ಅಂತ ಕರೆದು ಅತ್ತುಬಿಟ್ಟರೆ ಹೊಣೆಗಾರರು ತಪ್ಪಿಸಿಕೊಳ್ಳುವುದಿಲ್ಲವೇ?

ಜರ್ಮನ್ ನಾಟಕಕಾರ ಬ್ರೆಕ್ಟ್‌ನ ಆಕ್ಷೇಪವೂ ಇದೇ. ‘ಹೀಗೇ ಆಗಬೇಕಿತ್ತು’ ಎಂಬ ಭಾವವನ್ನು ಹುಟ್ಟಿಸುವ ನಾಟಕ, ಬದಲಾಯಿಸಬಹುದಾದದ್ದನ್ನೂ ವಿಧಿಯಂತೆ ತೋರಿಸಿ ಪ್ರೇಕ್ಷಕನನ್ನು ಕೈಕಟ್ಟಿ ಕೂರಿಸುತ್ತದೆ. ಆದ್ದರಿಂದ ‘ಇವನಿಗೆ ಬೇರೆ ದಾರಿಯಿತ್ತಲ್ಲ’ ಎಂದು ಪ್ರೇಕ್ಷಕ ಕೆರಳಬೇಕು ಎಂದು ಅವನು ಬಯಸಿದ. ಕೆಟ್ಟ ದುರಂತ ನಾಟಕಗಳಿಗೆ, ಅದಕ್ಕಿಂತ ಹೆಚ್ಚಾಗಿ ದುರಂತ ಎಂಬ ಮಾತನ್ನು ಪರಿಹಾರದ ಚೆಕ್ಕಿನೊಂದಿಗೆ ಹಂಚುವ ಭಾಷಣಗಳಿಗೆ, ಈ ಟೀಕೆ ಪೂರ್ತಿ ಸಲ್ಲುತ್ತದೆ.

ಒಳ್ಳೆಯ ದುರಂತ ನಾಟಕಕ್ಕೆ ಇದು ಸಲ್ಲುವುದೇ ಎಂಬುದಕ್ಕೆ ಯೂರಿಪಿಡೀಸನ ‘ಟ್ರಾಯ್‌ನ ಹೆಂಗಸರು’ ಸಾಕ್ಷಿ ಹೇಳಬಲ್ಲದು. ಕ್ರಿ.ಪೂ. 416ರಲ್ಲಿ ಅಥೆನ್ಸಿನವರು ಮೀಲೋಸ್ ದ್ವೀಪವನ್ನು ಮುತ್ತಿ, ಶರಣಾದ ಮೇಲೆ ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರಾಗಿ ಮಾರಿದರು. ಮರುವರ್ಷದ ವಸಂತದಲ್ಲಿ ಅದೇ ಅಥೆನ್ಸಿನ ಪ್ರೇಕ್ಷಕರ ಮುಂದೆ, ಗ್ರೀಕರು ಗೆದ್ದು ಸುಟ್ಟ ಟ್ರಾಯ್‌ನ ಹೆಂಗಸರು ಯಾರ ಪಾಲಿಗೆ ಯಾರೆಂದು ಹಂಚಿಹೋಗುವ ನಾಟಕ ನಡೆಯಿತು. ಅದರಲ್ಲಿ ತಾಲ್ತೀಬಿಯಸ್ ಎಂಬ ಗ್ರೀಕರ ದೂತ, ಯುದ್ಧದಲ್ಲಿ ಸತ್ತ ಟ್ರಾಯ್ ವೀರ ಹೆಕ್ಟರನ ಎಳೆಯ ಮಗನನ್ನು ಕೋಟೆಯಿಂದ ಕೆಳಗೆ ಎಸೆಯಬೇಕೆಂಬ ಆಜ್ಞೆಯನ್ನು ತರುತ್ತಾನೆ. ಹೇಳಲು ಅವನ ನಾಲಗೆ ಏಳುವುದಿಲ್ಲ. ಇಂಥ ಸುದ್ದಿ ತರಲು ನನಗಿಂತ ಕರುಣೆಯಿಲ್ಲದವನು ಬೇಕಿತ್ತು ಎನ್ನುತ್ತಾನೆ. ಮುಂದೆ ಆ ಮಗುವಿನ ಹೆಣವನ್ನು ಸ್ಕಮಾಂಡರ್ ನದಿಯಲ್ಲಿ ತಾನೇ ತೊಳೆದು ತರುತ್ತಾನೆ, ಗುಂಡಿ ತೋಡಲು ಹೋಗುತ್ತಾನೆ. ಇಷ್ಟೆಲ್ಲ ಮರುಕವಿದ್ದರೂ ಆಜ್ಞೆ ನಡೆಯುತ್ತದೆ. ಹೊಣೆಯನ್ನು ವಿಧಿಯ ಮೇಲೆ ಹೊರಿಸಲು ಯೂರಿಪಿಡೀಸ್ ಬಿಡುವುದಿಲ್ಲ: ಈ ಸಲಹೆಯನ್ನು ಮುಂದಿಟ್ಟು ಗ್ರೀಕರ ಸಭೆಯನ್ನು ಒಪ್ಪಿಸಿದವನು ಒಡಿಸ್ಸಿಯಸ್ ಎಂದು ಆ ದೂತನ ಬಾಯಿಂದಲೇ, ಹೆಸರು ಹಿಡಿದು ಹೇಳಿಸುತ್ತಾನೆ.